ಎಪ್ಪಿ ಆಂಟಿ ಹೊಲಿದ ಎದೆಪದಕ

ಎಪ್ಪಿ ಆಂಟಿಗೆ ತಿಳಿಯಬೇಕಾಗಿದ್ದದ್ದು ಒಂದೇ ಸಂಗತಿ. ಸಮುದ್ರದಲ್ಲಿ ಸತ್ತ ಮಗ ವಾಟಿ ದೇವರ ಸನ್ನಿಧಿಯ ಒಳಗಿದ್ದಾನೋ, ಹೊರಗೇ ಉಳಿದನೋ. ಹನ್ನೆರಡು ವರ್ಷ ಅವಳು ಅದನ್ನು ಬಾಯಿಬಿಟ್ಟು ಕೇಳಿರಲಿಲ್ಲ. ಉತ್ತರ ಗೊತ್ತಿದೆಯೆಂದು ಅವಳು ನಂಬಿದ್ದ ಮನುಷ್ಯ ಅವಳ ಗಂಡನೇ. ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಹೇಳದೆ ಇರುವುದೇ ಉತ್ತರ ಎಂದು ಅವಳು ಒಳಗೊಳಗೇ ತೀರ್ಮಾನಿಸಿಕೊಂಡು ಸವೆಯುತ್ತಿದ್ದಳು.

ಅವಳು ನನ್ನ ಗಂಡ ಕೀತ್‌ನ ದೊಡ್ಡಮ್ಮ. ಪೂರ್ತಿ ಹೆಸರು ಎಲ್ಸ್‌ಪೆತ್ ಕೌಯಿ. ನಾನು ಅಬರ್ಡೀನಿನಲ್ಲಿ ಹುಟ್ಟಿ ಅಲ್ಲೇ ಓದಿ, ಮೂರು ತಿಂಗಳ ಮಗುವನ್ನು ಎತ್ತಿಕೊಂಡು ಮೀನುಗಾರರ ಈ ಇನ್ವರ್‌ಕೇರ್ನಿಗೆ ಬಂದವಳು. ಕೀತ್ ಸೋಮವಾರ ದೋಣಿ ಹತ್ತಿದರೆ ಇಳಿಯುವುದು ಶುಕ್ರವಾರ. ಮಗು ಐಲ್ಸಾಳಿಗೆ ಹುಟ್ಟಿನಿಂದಲೇ ಎದೆಕಟ್ಟು. ಅವಳು ಮಲಗಿದ್ದರೆ ಉಸಿರು ಎಣಿಸುತ್ತಾ, ಎದ್ದರೆ ಹಣೆ ಮುಟ್ಟಿ ನೋಡುತ್ತಾ ನನ್ನ ದಿನ ಕಳೆಯುತ್ತಿತ್ತು. ಒಬ್ಬಳೇ ಮನೆಯಲ್ಲಿದ್ದರೆ ತಲೆ ಕೆಡುತ್ತದೆಂದು ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ಎಪ್ಪಿ ಆಂಟಿಯ ಅಡುಗೆಮನೆಗೆ ಹೋಗಿ ಕೂರುತ್ತಿದ್ದೆ. ಅವಳು ಬಾಗಿಲ ಹಿಂದಿನ ಕೊಕ್ಕೆಗೆ ಬಲೆ ಸಿಕ್ಕಿಸಿಕೊಂಡು, ಹರಿದ ಕಣ್ಣುಗಳನ್ನು ಒಂದೊಂದಾಗಿ ಕಟ್ಟುತ್ತಾ ಕೂತಿರುತ್ತಿದ್ದಳು. ಐವತ್ತು ವರ್ಷದ ಅಭ್ಯಾಸ. ಅವಳ ಕಣ್ಣು ಮಂಜಾಗಿತ್ತು, ಬೆರಳು ಮಂಜಾಗಿರಲಿಲ್ಲ.

ಇಲ್ಲಿ ಅರ್ಧ ಊರಿನ ಮನೆತನ ಕೌಯಿ. ಹಾಗಾಗಿ ಪ್ರತಿಯೊಬ್ಬರಿಗೂ ಒಂದು ಅಡ್ಡಹೆಸರು, ಅಂಚೆಯವನೂ ಅದನ್ನೇ ನೆಚ್ಚಿಕೊಳ್ಳಬೇಕು. ಎಪ್ಪಿ ಆಂಟಿಯ ಗಂಡ ಗಿಲ್ಬರ್ಟ್ ಅಂಕಲ್ ದೋಣಿ ಕಟ್ಟುವ ಬಡಗಿ. ಅವರಿಗೆ ಊರು ಇಟ್ಟ ಹೆಸರು ರಸಮಟ್ಟ. ಕೂದಲೆಳೆಯಷ್ಟು ಓರೆಯಿದ್ದರೂ ಹಲಗೆ ಕಿತ್ತು ಮತ್ತೆ ಹೊಡೆಯುವ ಮನುಷ್ಯ. ಸ್ವಂತ ಹೆಂಡತಿಯೇ ಅವರನ್ನು ಆಡಿಕೊಳ್ಳುತ್ತಿದ್ದಳು. "ನಿಮ್ಮ ಗಿಬ್ ಅಂಕಲ್ ಸ್ವರ್ಗಕ್ಕೆ ಹೋದ್ರೂ ಸುಮ್ನೆ ಒಳಗೆ ಹೋಗಲ್ಲ ಕಣಮ್ಮ. ಮೊದ್ಲು ಬಾಗಿಲ ಚೌಕಟ್ಟಿಗೆ ರಸಮಟ್ಟ ಇಟ್ಟು ನೋಡ್ತಾನೆ. ಬಾಗಿಲು ಕಾಯೋ ಪೇತ್ರ ಪಾಪ ಕೀಲಿಕೈ ಹಿಡ್ಕೊಂಡು ಕಾಯ್ತಿರ್ಬೇಕು."

ವಾಟಿಯ ಕಥೆ ನನಗೆ ತುಂಡುತುಂಡಾಗಿ ಸಿಕ್ಕಿತು, ಹೆಚ್ಚಿನದು ಕೀತ್‌ನಿಂದ. ನಮ್ಮ ಪ್ರಾರ್ಥನೆಯ ಹಾಲ್‌ನವರ ದೋಣಿಗಳು ಕರ್ತನ ದಿನವಾದ ಭಾನುವಾರ ಬಂದರಿನಿಂದ ಕದಲುವುದಿಲ್ಲ. ಸೋಮವಾರ ಬಂದ ಮೇಲೇ ಹಗ್ಗ ಬಿಚ್ಚುವುದು. ಇಪ್ಪತ್ತಮೂರು ವರ್ಷದ ವಾಟಿ ಬೇರೆ ಊರಿನ ದೋಣಿಯಲ್ಲಿ ಕೆಲಸ ಹಿಡಿದ. ಅದರ ಯಜಮಾನ ಭಾನುವಾರ ಮಧ್ಯಾಹ್ನವೇ ಹೊರಡುವವನು. ಹಾಲ್‌ನ ಹಿರಿಯರು ಒಮ್ಮೆ ಹೇಳಿದರು, ಇನ್ನೊಮ್ಮೆ ಹೇಳಿದರು. ಮೂರನೆಯ ಸಲ ಕೂತು ತೀರ್ಮಾನಿಸಿದರು, ಅವನಿಗಿನ್ನು ರೊಟ್ಟಿಯಲ್ಲಿ ಪಾಲಿಲ್ಲ. ಪ್ರತಿ ಭಾನುವಾರ ಹಾಲ್‌ನಲ್ಲಿ ಒಂದು ರೊಟ್ಟಿ, ಒಂದು ಬಟ್ಟಲು ಕೈಯಿಂದ ಕೈಗೆ ಹೋಗುತ್ತವೆ. ಅವು ನಿಮ್ಮ ಮುಂದೆ ನಿಲ್ಲದೆ ದಾಟಿದವೆಂದರೆ ಈ ಊರಿನಲ್ಲಿ ನೀವು ಇದ್ದೂ ಇಲ್ಲದ ಹಾಗೆ. ಹಿರಿಯರಲ್ಲಿ ಗಿಬ್ ಅಂಕಲ್ ಒಬ್ಬರು. ಬೇರೆಯವರು ತಾವು ಓದುತ್ತೇವೆಂದರೂ ಕೇಳದೆ ತೀರ್ಮಾನವನ್ನು ಅವರೇ ಎದ್ದುನಿಂತು ಓದಿದರು. ಇವತ್ತು ನನ್ನ ಮಗನೆಂದು ಕೂತರೆ ನಾಳೆ ಯಾರ ಮಗನಿಗೆ ಹೇಳಲಿ ಎಂದರಂತೆ. ಓದಿ ಮುಗಿಸಿ ದಾನ್ ಕುಲದ ಮಾತೆತ್ತಿದರು. ಇಸ್ರಾಯೇಲಿನ ಹನ್ನೆರಡು ಕುಲಗಳಲ್ಲಿ ದಾನ್ ಕುಲದವರು ವಿಗ್ರಹದ ಹಿಂದೆ ಹೋದರು, ಅದಕ್ಕೇ ಬೈಬಲಿನ ಕಡೆಯ ಪುಸ್ತಕದಲ್ಲಿ ದೇವರ ಮುದ್ರೆ ಬಿದ್ದವರ ಪಟ್ಟಿಯಲ್ಲಿ ದಾನ್ ಹೆಸರು ಇಲ್ಲ ಎಂದರು.

ಅದಾಗಿ ನಾಲ್ಕನೆಯ ವಾರ ಆ ದೋಣಿ ಬಿರುಗಾಳಿಗೆ ಸಿಕ್ಕಿತು. ಐದು ಜನರಿದ್ದರು. ಎರಡು ಹಲಗೆ ಸಿಕ್ಕವು, ಜನ ಸಿಗಲಿಲ್ಲ.

ಅದೇ ವರ್ಷ ಗಿಬ್ ಅಂಕಲ್ ಗುಡಾರ ಕಟ್ಟಲು ಕೈಹಾಕಿದರು. ಮೋಶೆ ಅರಣ್ಯದಲ್ಲಿ ಎಬ್ಬಿಸಿದ ದೇವದರ್ಶನದ ಗುಡಾರದ ಮಾದರಿ, ಮೊಳಕ್ಕೆ ಒಂದು ಇಂಚಿನಂತೆ. ನಲವತ್ತೆಂಟು ಹಲಗೆ, ಅವುಗಳ ಕೆಳಗೆ ಬೆಳ್ಳಿ ಬಣ್ಣದ ಗದ್ದಿಗೇಕಲ್ಲು, ಅಂಗಳದ ಸುತ್ತ ಅರವತ್ತು ಕಂಬ. ಬೆಟ್ಟದ ಮೇಲೆ ತೋರಿಸಿದ ಮಾದರಿಯಂತೆಯೇ ಎಲ್ಲವೂ ಇರಬೇಕೆಂದು ದೇವರು ಮೋಶೆಗೆ ಹೇಳಿದ ಮಾತು ರಸಮಟ್ಟರಿಗೆ ಸರಿಯಾಗಿ ಹೊಂದಿತು. ಬಟ್ಟೆಯದೆಲ್ಲ ಎಪ್ಪಿ ಆಂಟಿಯ ಪಾಲಿಗೆ ಬಂತು. ಪರದೆಗಳು, ಪರದೆಗೆ ಐವತ್ತು ಕುಣಿಕೆ, ಎಲ್ಲಕ್ಕಿಂತ ಒಳಗಿನ ಮಹಾಪವಿತ್ರಸ್ಥಾನದ ತೆರೆ. ವರ್ಷವರ್ಷವೂ ಮಾರ್ಚಿನಲ್ಲಿ ಒಂದು ವಾರ ಅದನ್ನು ಹಾಲ್‌ನಲ್ಲಿ ಜೋಡಿಸಿಟ್ಟು ಗಿಬ್ ಅಂಕಲ್ ಕೋಲು ಹಿಡಿದು ವಿವರಿಸುತ್ತಿದ್ದರು. ಹೊಲಿದವಳು ತಲೆಗೆ ಟೋಪಿ ಹಾಕಿಕೊಂಡು ಹೆಂಗಸರ ಸಾಲಿನಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಹಾಲ್‌ನಲ್ಲಿ ಹೆಂಗಸರು ಹಾಡಬಹುದು, ಮಾತಾಡುವಂತಿಲ್ಲ.

ನಾನು ಬಂದ ವರ್ಷ ಗುಡಾರದ ಕೆಲಸ ಮುಗಿದಿತ್ತು. ಗಿಬ್ ಅಂಕಲ್ ಮಹಾಯಾಜಕನ ಉಡುಪನ್ನು ಆಳುದ್ದಕ್ಕೇ ಮಾಡಬೇಕೆಂದು ಹಟ ಹಿಡಿದಿದ್ದರು. ದರ್ಜಿಯ ಮರದ ಬೊಂಬೆಯೊಂದನ್ನು ಎಲ್ಲಿಂದಲೋ ತಂದು ಅಡುಗೆಮನೆಯ ಮೂಲೆಯಲ್ಲಿ ನಿಲ್ಲಿಸಿದ್ದರು. ತಲೆಯಿಲ್ಲದ ಆ ಬೊಂಬೆಯನ್ನು ಕಂಡರೆ ಐಲ್ಸಾ ಕಿರುಚಿಕೊಳ್ಳುತ್ತಿದ್ದಳು, ನನಗೂ ಒಳಗೊಳಗೇ ಅಳುಕು. ಎಪ್ಪಿ ಆಂಟಿ ಮಾತ್ರ ಅದರ ಹೆಗಲ ಮೇಲೆ ಒರೆಸುವ ಬಟ್ಟೆ ಒಣಹಾಕುತ್ತಿದ್ದಳು.

ಸೂಜಿಗೆ ದಾರ ಪೋಣಿಸಲು ಅವಳಿಗೆ ನಾನು ಬೇಕಾದೆ. "ಅಬರ್ಡೀನಲ್ಲಿ ಅಷ್ಟು ವರ್ಷ ಓದ್ಸಿದ್ರಲ್ಲ, ಸೂಜಿಗೆ ದಾರ ಹಾಕೋದು ಹೇಳ್ಕೊಟ್ಟಿದಾರಾ, ಇಲ್ಲ ಅದೂ ನನ್ನ ತಲೆಗೇನಾ?" ಎಂದು ಮೊದಲ ದಿನವೇ ಕಾಲೆಳೆದಳು. ಆ ಚಳಿಗಾಲವಿಡೀ ನಾನು ಕಲಿತದ್ದನ್ನು ಯಾವ ಶಾಲೆಯಲ್ಲೂ ಕಲಿತಿರಲಿಲ್ಲ. ಶಾಲೆಯಲ್ಲಿ ಇಬ್ರಿಯರ ಆರಾಧನೆಯೆಂದರೆ ಪಾಠಪುಸ್ತಕದ ಒಂದು ಪುಟ, ಒಂದು ನಕ್ಷೆ. ಇವಳು ಕಲಿಸಿದ್ದು ಬೆರಳಿನಿಂದ. ಅಂಗಳದ ಸುತ್ತ ಐದು ಮೊಳದ ಬಿಳಿ ನಾರುಬಟ್ಟೆ. ಹೊರಗೆ ನಿಂತ ಎತ್ತರದ ಗಂಡಸಿಗೂ ಒಳಗಿನದು ಕಾಣದು. ಬಾಗಿಲು ಒಂದೇ. ಒಳಗೆ ಬಂದೊಡನೆ ಎದುರಾಗುವುದು ಯಜ್ಞವೇದಿ, ರಕ್ತವಿಲ್ಲದೆ ಮುಂದಕ್ಕೆ ಹೆಜ್ಜೆಯಿಲ್ಲ. ಆಮೇಲೆ ತೊಳೆದುಕೊಳ್ಳುವ ಕಂಚಿನ ಗಂಗಾಳ, ಅದನ್ನು ಎರಕ ಹೊಯ್ದದ್ದು ಹೆಂಗಸರು ಬಿಚ್ಚಿಕೊಟ್ಟ ಕನ್ನಡಿಗಳಿಂದ. ಇದನ್ನು ಹೇಳುವಾಗ ಅವಳ ಮುಖ ಒಂದಿಷ್ಟು ಬಿಚ್ಚಿಕೊಳ್ಳುತ್ತಿತ್ತು. ಗುಡಾರದಲ್ಲಿ ದೀಪ ಉಂಟು, ಮೇಜುಂಟು, ರೊಟ್ಟಿಯುಂಟು, ಕೂರಲು ಒಂದು ಪೀಠವಿಲ್ಲ. ಯಾಜಕನ ಕೆಲಸ ಎಂದೂ ಮುಗಿಯುತ್ತಿರಲಿಲ್ಲ, ಅದಕ್ಕೆ. ಯೇಸು ತನ್ನನ್ನೇ ಬಲಿಯಾಗಿ ಕೊಟ್ಟು ಒಳಗೆ ಹೋಗಿ ಕೂತುಕೊಂಡ, ಅಂದರೆ ಕೆಲಸ ಮುಗಿಯಿತು. ಹಳೆಯದೆಲ್ಲ ನೆರಳು, ಅವನೇ ನಿಜ. ಹೀಗೆ ನೂಲು ನೂಲಾಗಿ ಹೇಳುತ್ತಿದ್ದಳು.

ಒಂದು ದಿನ ಯಾಜಕನ ಅಂಗಿಯ ಅಂಚಿಗೆ ಗೆಜ್ಜೆ ಕಟ್ಟುತ್ತಿದ್ದೆವು. ಒಳಗೆ ಹೋದವನು ಬದುಕಿದ್ದಾನೆಂದು ತಿಳಿಯುವುದು ಆ ಸದ್ದಿನಿಂದ. ಹೊರಗಿನವರು ಅದಕ್ಕೇ ಕಿವಿಗೊಟ್ಟು ನಿಂತಿರುತ್ತಿದ್ದರೆಂದು ಅವಳು ಹೇಳಿದಳು. ಬಂದರಿನ ಗೋಡೆಯ ಮೇಲೆ ನಿಂತು ಮಂಜಿನೊಳಗಿಂದ ಬರುವ ಇಂಜಿನ್ ಸದ್ದು ಯಾವ ದೋಣಿಯದೆಂದು ಹೇಳಬಲ್ಲ ಹೆಂಗಸರ ಊರು ಇದು. ಅವಳು ಗೆಜ್ಜೆಯನ್ನು ಬೆರಳಿನಿಂದ ಒಮ್ಮೆ ತಟ್ಟಿ, ಅದು ಸುಮ್ಮನಾಗುವವರೆಗೆ ಕಾದಳು. ಮತ್ತೆ ತಟ್ಟಲಿಲ್ಲ. ಐಲ್ಸಾ ಕೆಮ್ಮಿದಳು, ನಾನು ಎದ್ದು ಬೆನ್ನು ನೀವಿದೆ. ಹೊರಗೆ ನಿಂತು ಕಿವಿಗೊಡುವುದು ಏನೆಂದು ನನಗೂ ಗೊತ್ತಿತ್ತು.

ಎದೆಪದಕದ ಕೆಲಸ ಕಡೆಗೆ ಬಂತು. ಗೇಣುದ್ದ, ಗೇಣಗಲ, ಎರಡು ಪದರ. ಅದರ ಮೇಲೆ ಹನ್ನೆರಡು ಕಲ್ಲು, ಒಂದೊಂದರ ಮೇಲೆ ಒಂದೊಂದು ಕುಲದ ಹೆಸರು. ಗಿಬ್ ಅಂಕಲ್ ಬಣ್ಣದ ಗಾಜನ್ನು ಉಜ್ಜಿ ಕಲ್ಲು ಮಾಡಿ, ಇಬ್ರಿಯ ಅಕ್ಷರಗಳನ್ನು ಚೂಪು ಉಳಿಯಿಂದ ಕೆತ್ತಿದ್ದರು. ಯಾಜಕ ಒಳಗೆ ಹೋಗುವಾಗಲೆಲ್ಲ ಆ ಹೆಸರುಗಳನ್ನು ಎದೆಯ ಮೇಲೆ ಹೊತ್ತುಕೊಂಡೇ ಹೋಗುತ್ತಾನೆ. ಹೆಸರಿನವರು ಎಲ್ಲೋ ಹೊರಗೆ ಅಡುಗೆ ಮಾಡುತ್ತಾ, ಕುರಿ ಕಾಯುತ್ತಾ, ಜಗಳವಾಡುತ್ತಾ ಇರಬಹುದು. ಹೆಸರು ಮಾತ್ರ ಒಳಗೆ ದೇವರ ಮುಂದೆ ಇರುತ್ತದೆ. ಎಪ್ಪಿ ಆಂಟಿ ಇದನ್ನು ಹೇಳುತ್ತಾ ಏಳನೆಯ ಕಲ್ಲನ್ನೋ ಎಂಟನೆಯದನ್ನೋ ಹೊಲಿಯುತ್ತಿದ್ದವಳು ನಿಲ್ಲಿಸಿ, ಕಲ್ಲುಗಳನ್ನು ಒಂದೊಂದಾಗಿ ತಡವಿದಳು. ಕಣ್ಣಿಗೆ ಹಿಡಿದರೆ ಕಾಣದು, ಉಗುರಿನಿಂದ ಅಕ್ಷರ ಹುಡುಕಿದಳು.

"ಇದು ಯಾವ ಕಲ್ಲು ನೋಡಮ್ಮ, ಹಾಳೆ ನೋಡಿ ಹೇಳು."

ಗಿಬ್ ಅಂಕಲ್ ಅಕ್ಷರಗಳನ್ನು ಬರೆದಿಟ್ಟಿದ್ದ ಹಾಳೆಗೆ ಹೋಲಿಸಿ ನೋಡಿ, ದಾನ್ ಎಂದೆ.

ಅವಳು ಅದನ್ನು ಬಹಳ ಹೊತ್ತು ಬಿಡಲಿಲ್ಲ.

ಎದೆಪದಕವನ್ನು ಕೆಳಗಿನ ಏಫೋದೆಂಬ ಮೇಲಂಗಿಗೆ ನೀಲಿ ದಾರದಿಂದ ಕಟ್ಟಬೇಕು, ಯಾವ ಕಾರಣಕ್ಕೂ ಸಡಿಲಬಾರದೆಂದು ಬೈಬಲೇ ಹೇಳುತ್ತದೆ. ಅದಕ್ಕೆಂದು ಗಿಬ್ ಅಂಕಲ್ ಎಡಿನ್‌ಬರೋದಿಂದ ನೀಲಿ ರೇಷ್ಮೆ ಹುರಿ ತರಿಸಿದ್ದರು. ಎಪ್ಪಿ ಆಂಟಿ ಅದನ್ನು ಹಾಗೇ ಸೆಳೆಖಾನೆಗೆ ತಳ್ಳಿ, ಕೆಳಗಿನ ತಗಡಿನ ಡಬ್ಬಿಯಿಂದ ಉಣ್ಣೆಯ ಉಂಡೆಯೊಂದನ್ನು ತೆಗೆದಳು. ಕಡುನೀಲಿ. ವಾಟಿ ಕೊನೆಯ ಸಲ ತೊಟ್ಟುಕೊಂಡು ಹೋದ ಜರ್ಸಿ ಹೆಣೆದು ಉಳಿದದ್ದು. ಮೂರೆಳೆ ಸೇರಿಸಿ ಹೊಸೆದು ಉಂಗುರಗಳಿಗೆ ಬಿಗಿದಳು. ಬಲೆಯ ಗಂಟು, ನೀರು ತಾಕಿದಷ್ಟೂ ಬಿಗಿಯುವಂಥದ್ದು. ಗಿಬ್ ಅಂಕಲ್ ನೋಡಿದರೆ ಏನು ಗತಿ ಎಂದು ಕೇಳಿದೆ. ಅವನು ಅಳತೆ ನೋಡುತ್ತಾನೆ, ನೂಲು ನೋಡುವುದಿಲ್ಲ ಎಂದಳು. ನಾನು ಆಮೇಲೆ ಎರಡು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ಹೇಳಿಬಿಡಬೇಕೇ, ಬಾಯಿ ಮುಚ್ಚಿಕೊಂಡಿರಬೇಕೇ ತಿಳಿಯದೆ ಸುಮ್ಮನಿದ್ದೆ.

ಮಾರ್ಚಿನ ವಾರ ಬಂತು. ಶನಿವಾರ ಮಧ್ಯಾಹ್ನ, ದೋಣಿಗಳೆಲ್ಲ ಬಂದರಿನಲ್ಲಿ, ಹಾಲ್ ತುಂಬಿತ್ತು. ಹೆಗಲಿಂದ ಹಿಮ್ಮಡಿಯವರೆಗೆ ಉಡುಪು ತೊಟ್ಟ ಬೊಂಬೆಯ ಪಕ್ಕದಲ್ಲಿ ಗಿಬ್ ಅಂಕಲ್ ನಿಂತು ಒಂದೊಂದನ್ನೂ ಮುಟ್ಟಿ ತೋರಿಸುತ್ತಾ ಹೋದರು. ಹೆಗಲ ಮೇಲಿನ ಎರಡು ಕಲ್ಲು, ಬಲವನ್ನು ತೋರಿಸುತ್ತವೆ. ಎದೆಯ ಮೇಲಿನ ಹನ್ನೆರಡು, ಪ್ರೀತಿಯನ್ನು. ನಮ್ಮ ಮಹಾಯಾಜಕನಾದ ಕ್ರಿಸ್ತನು ತನ್ನವರನ್ನು ಹೀಗೆಯೇ ಹೊತ್ತಿದ್ದಾನೆ ಎಂದರು. ಮಾತು ಚೆನ್ನಾಗಿಯೇ ಸಾಗುತ್ತಿತ್ತು. ಆಮೇಲೆ ನೀಲಿ ದಾರವನ್ನು ತೋರಿಸಲು ಬೆರಳಿನಲ್ಲಿ ಎತ್ತಿದರು.

ರೇಷ್ಮೆಗೂ ಉಣ್ಣೆಗೂ ವ್ಯತ್ಯಾಸ ತಿಳಿಯದ ಬೆರಳಲ್ಲ ಅದು. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಏನು ನೂಲೆಂದು ಅವರಿಗೆ ತಿಳಿಯಿತೆಂದು ನನಗೆ ಕೂತಲ್ಲೇ ತಿಳಿಯಿತು. ಕುತ್ತಿಗೆ ಕೆಂಪಾಯಿತು. ಇದು ಮಾದರಿಗೆ ತಕ್ಕದ್ದಲ್ಲ, ತಪ್ಪಾಗಿದೆ, ಬದಲಿಸುತ್ತೇನೆ ಎಂದು ಜನರಿಗೆ ಹೇಳಿ ಗಂಟು ಬಿಚ್ಚಲು ತೊಡಗಿದರು. ಗಂಟು ಬಿಚ್ಚಲಿಲ್ಲ. ಜೇಬಿನಿಂದ ಚಾಕು ತೆಗೆದರು.

ನನ್ನ ಪಕ್ಕದಲ್ಲಿ ಎಪ್ಪಿ ಆಂಟಿ ಎದ್ದುನಿಂತಳು.

"ಕುಯ್ಯಬೇಡ ಗಿಬ್. ಅದು ವಾಟಿ ಜರ್ಸಿ ಉಣ್ಣೆ."

ಹಾಲ್‌ನಲ್ಲಿ ಹೆಂಗಸಿನ ಧ್ವನಿ ಒಂಟಿಯಾಗಿ ಕೇಳಿಸಿದ್ದು ನೆನಪಿರುವವರು ಯಾರೂ ಇರಲಿಲ್ಲ. ಮುಂದಿನ ಸಾಲಿನ ಗಂಡಸರು ತಿರುಗಲೂ ಆಗದೆ ಕೂರಲೂ ಆಗದೆ ಕತ್ತು ಅರ್ಧಕ್ಕೆ ನಿಲ್ಲಿಸಿದರು. ಹಿರಿಯ ಸ್ಲೇಟರ್ ಮೆಲ್ಲಗೆ, ಸಹೋದರಿ, ಕೂತ್ಕೋಬೇಕು ಎಂದರು. ಅವಳು ಕೂರಲಿಲ್ಲ. ಧ್ವನಿ ಏರಿಸಲೂ ಇಲ್ಲ, ಮನೆಯಲ್ಲಿ ಮಾತಾಡುವ ಹಾಗೆಯೇ ಮಾತಾಡಿದಳು.

"ಕಡೇ ಪುಸ್ತಕದಲ್ಲಿ ದಾನ್ ಹೆಸ್ರಿಲ್ಲ ಅಂತ ಆವತ್ತು ನೀನೇ ಇಲ್ಲಿ ನಿಂತು ಹೇಳ್ದೆ. ಆದ್ರೆ ಎದೆ ಮೇಲಿನ ಕಲ್ಲು ನೀನೇ ಕೆತ್ತಿದೀಯ, ನಾನೇ ಹೊಲ್ದಿದೀನಿ. ದಾನ್ ಕಲ್ಲು ಅಲ್ಲೇ ಇದೆ. ಯಾರು ಕಿತ್ರು ಅದನ್ನ? ಯಾರೂ ಕೀಳ್ಲಿಲ್ಲ. ಹಾಗಿದ್ರೆ ನನ್ನ ಮಗ ಒಳಗಿದಾನಾ ಹೊರಗಿದಾನಾ, ಹೇಳು. ನಿಂಗೆ ಗೊತ್ತಿದೆ, ಹೇಳ್ಬಿಡು."

ಗಿಬ್ ಅಂಕಲ್ ಚಾಕು ಮಡಚಿದರು. ಅದನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಸ್ಲೇಟರ್ ಎದ್ದು ಪ್ರಾರ್ಥನೆ ಮಾಡಿ ಕೂಟ ಮುಗಿಸಿದರು.

ನಾನು ಅವಳ ಜೊತೆ ಮನೆಗೆ ಬಂದೆ. ಕೆಟಲ್ ಇಟ್ಟೆ, ಯಾರಿಗೂ ಬೇಡದ ಚಹಾ ಮಾಡಿದೆ. ಅರ್ಧ ಗಂಟೆಗೆ ಗಿಬ್ ಅಂಕಲ್ ಬಂದರು. ಕೋಟು ಬಿಚ್ಚದೆ ಮೇಜಿನ ಬಳಿ ನಿಂತರು. ಹನ್ನೆರಡು ವರ್ಷದ ಮೇಲೆ ಮಗನ ವಿಷಯಕ್ಕೆ ಅವರು ಆಡಿದ ಮೊದಲ ಮಾತು ಒಂದು ತಿದ್ದುಪಡಿ.

"ನೀನು ಒಂದು ಮರೆತಿದೀಯ, ಎಪ್ಪಿ. ಪ್ರಾಯಶ್ಚಿತ್ತದ ದಿನ, ವರ್ಷಕ್ಕೊಂದೇ ಸಲ ತೆರೆಯೊಳಗೆ ಹೋಗೋ ದಿನ, ಯಾಜಕ ಆ ಉಡುಪನ್ನೆಲ್ಲ ಬಿಚ್ಚಿಡ್ತಾನೆ. ಬರೀ ಬಿಳೀ ನಾರುಬಟ್ಟೆಯಲ್ಲಿ ಹೋಗ್ತಾನೆ. ಎದೆಪದಕ ಆವತ್ತು ಒಳಗೆ ಹೋಗಲ್ಲ. ಯಾಜಕಕಾಂಡ ಹದಿನಾರು ನೋಡು."

ಅಷ್ಟು ಹೇಳಿ ಹಿತ್ತಲ ಕೊಟ್ಟಿಗೆಗೆ ಹೋದರು. ಅಲ್ಲಿಂದ ಮರ ಹೆರೆಯುವ ಸದ್ದು ಸಂಜೆಯವರೆಗೆ ಬರುತ್ತಿತ್ತು.

ನಾನು ಬೈಬಲು ತೆಗೆದು ನೋಡಿದೆ. ಅವರು ಹೇಳಿದ್ದು ಸರಿಯಾಗಿತ್ತು. ಓದಿ ಹೇಳೆಂದಳು, ಓದಿದೆ. ಇನ್ನೊಮ್ಮೆ ಓದೆಂದಳು. ಆಮೇಲೆ ಅವಳು ಕೈಯನ್ನು ಮಡಿಲಿನಲ್ಲಿ ಹಾಕಿಕೊಂಡು ಕೂತುಬಿಟ್ಟಳು. ಬಲೆ ಕೊಕ್ಕೆಯಲ್ಲಿ ನೇತಾಡುತ್ತಿತ್ತು, ಅದರ ಕಡೆಗೂ ಹೋಗಲಿಲ್ಲ. ಚಳಿಗಾಲವಿಡೀ ಅವಳು ಹಿಡಿದುಕೊಂಡಿದ್ದ ಒಂದೇ ಒಂದು ಹಗ್ಗ ಅದು. ಒಳಗಿನ ಒಳಗಿಗೆ ಹೋಗುವ ದಿನವೇ ಹೆಸರು ಹೊರಗೆ ಬೊಂಬೆಯ ಮೇಲೆ ಉಳಿದುಬಿಟ್ಟರೆ ಇನ್ನೇನನ್ನು ಹಿಡಿದುಕೊಳ್ಳುವುದು?

ಮರುದಿನ ಭಾನುವಾರ ಅವಳು ಹಾಸಿಗೆಯಿಂದ ಏಳಲಿಲ್ಲ. ಮೀನಿನ ಸಾರು ಮಾಡಿಕೊಂಡು ಹೋದರೆ ಎರಡು ಚಮಚ ಕುಡಿದು ತಟ್ಟೆ ಸರಿಸುತ್ತಿದ್ದಳು. ಮಂಗಳವಾರ ಸ್ಲೇಟರ್ ಮತ್ತು ಇನ್ನೊಬ್ಬ ಹಿರಿಯರು ಮನೆಗೆ ಬಂದರು. ಒರಟಾಗಿ ಏನೂ ಅನ್ನಲಿಲ್ಲ. ಸ್ಲೇಟರ್‌ಗೂ ಗಂಡುಮಕ್ಕಳಿದ್ದರು, ಸಮುದ್ರದ ಮೇಲೆಯೇ ಇದ್ದರು. ಕೂಟದಲ್ಲಿ ಎದ್ದು ಮಾತಾಡಿದ್ದು ತಪ್ಪಾಯಿತೆಂದು ಒಂದು ಮಾತು ಹೇಳಿದರೆ ಸಾಕು, ಇಲ್ಲಿಗೇ ಬಿಡೋಣ ಎಂದರು. ಮಾತಾಡಿದ್ದು ತಪ್ಪೆಂದು ಬೇಕಾದರೆ ಹೇಳುತ್ತೇನೆ, ಕೇಳಿದ್ದು ತಪ್ಪೆಂದು ಹೇಳಲಾರೆ ಎಂದಳು. ಎರಡೂ ಒಂದೇ ಅಲ್ಲವೇ ಎಂದು ಸ್ಲೇಟರ್ ಕೇಳಿದರು. ಅಲ್ಲ ಎಂದಳು. ಗಿಬ್ ಅಂಕಲ್ ಅದೇ ಕೋಣೆಯಲ್ಲಿ, ಕಿಟಕಿಗೆ ಮುಖ ಮಾಡಿ ನಿಂತಿದ್ದರು.

ಹೊರಡುವಾಗ ಸ್ಲೇಟರ್ ಗಿಬ್ ಅಂಕಲ್‌ಗೆ, ಭಾನುವಾರ ತೀರ್ಮಾನವನ್ನು ನಾನು ಓದುತ್ತೇನೆ, ನೀವು ಬೇಡ ಎಂದರು.

ಆ ವಾರ ನಾನು ಎರಡು ಭಯವನ್ನು ಒಟ್ಟಿಗೆ ಹೊತ್ತುಕೊಂಡು ಓಡಾಡಿದೆ. ಐಲ್ಸಾಳ ಉಸಿರಿನಲ್ಲಿ ಮತ್ತೆ ಶಿಳ್ಳೆ ಶುರುವಾಗಿತ್ತು, ಡಾಕ್ಟರು ಬಂದುಹೋದರು. ಇತ್ತ ಎಪ್ಪಿ ಆಂಟಿ ಬದುಕುವ ಮನಸ್ಸು ಬಿಟ್ಟವಳಂತೆ ಕಂಡಳು. ಶುಕ್ರವಾರ ನನ್ನ ಕೈ ಹಿಡಿದು, "ಅವನು ನೀರಲ್ಲಿ ಮುಳುಗಿದ್ದು ಒಂದು ಸಲ ಕಣಮ್ಮ. ನಾನು ದಿನಾ ಮುಳುಗಿಸ್ತಾ ಇದೀನಿ" ಎಂದಳು. ನಾನು ಕೈ ಬಿಡಿಸಿಕೊಂಡು ಮಗುವಿನ ಮೈ ಬಿಸಿ ನೋಡುವ ನೆಪ ಮಾಡಿದೆ. ಈಗಲೂ ಅದಕ್ಕೆ ನಾಚಿಕೆಯಾಗುತ್ತದೆ.

ಭಾನುವಾರ ಅವಳು ಎದ್ದಳು. ಕಪ್ಪು ಕೋಟು, ಟೋಪಿ ಹಾಕಿಕೊಂಡು ಒಬ್ಬಳೇ ಹಾಲ್‌ಗೆ ನಡೆದಳು. ಯಾರೂ ಹೇಳುವ ಮೊದಲೇ ರೊಟ್ಟಿಯಲ್ಲಿ ಪಾಲಿಲ್ಲದವರು ಕೂರುವ ಹಿಂದಿನ ಬೆಂಚಿಗೆ ಹೋಗಿ ಕೂತಳು. ಕೈಮಗುವಿರುವ ನಾನೂ ಬಾಗಿಲ ಬಳಿಯ ಆ ಬೆಂಚಿನಲ್ಲೇ ಕೂರುವವಳು, ಅತ್ತರೆ ಎತ್ತಿಕೊಂಡು ಹೊರಗೆ ಹೋಗಲು ಅನುಕೂಲವೆಂದು. ಅವಳು ಬೆಂಚಿನ ಮೇಲೆ ಅಂಗೈ ಇಟ್ಟು, ವಾಟಿಯೂ ಕಡೆಯ ಮೂರು ಭಾನುವಾರದ ಬೆಳಗ್ಗೆ ಇಲ್ಲೇ ಕೂತಿದ್ದನೆಂದಳು. ಹೊರಗೆ ಹಾಕಿದ ಮೇಲೂ ಬರುತ್ತಿದ್ದನೇ ಎಂದು ಕೇಳಿದೆ. ನನಗೆ ಅದನ್ನು ಯಾರೂ ಹೇಳಿರಲಿಲ್ಲ. ಬರುತ್ತಿದ್ದ, ಮಧ್ಯಾಹ್ನ ದೋಣಿಗೆ ಹೋಗುವ ಮೊದಲು ಬಂದು ಕೂತು ಹೋಗುತ್ತಿದ್ದ, ಆಗ ತಾನು ಒಂದು ಸಲವೂ ಹಿಂತಿರುಗಿ ನೋಡಲಿಲ್ಲ ಎಂದಳು.

ಸ್ಲೇಟರ್ ಎದ್ದು ಓದಿದರು. ನಮ್ಮ ಸಹೋದರಿ ಎಲ್ಸ್‌ಪೆತ್ ಕೌಯಿ ಇನ್ನು ಮುಂದೆ, ಪಶ್ಚಾತ್ತಾಪದ ಮಾತು ಬರುವವರೆಗೆ, ರೊಟ್ಟಿ ಮುರಿಯುವುದರಲ್ಲಿ ಪಾಲುಗೊಳ್ಳುವುದಿಲ್ಲ. ಎರಡೇ ಸಾಲು.

ಗಿಬ್ ಅಂಕಲ್ ಮುಂದಿನ ಸಾಲಿನಲ್ಲಿ ಎದ್ದುನಿಂತರು. ಇವರೂ ಏನೋ ಹೇಳುತ್ತಾರೆಂದು ಎಲ್ಲರೂ ತಲೆ ಎತ್ತಿದರು. ಅವರು ಸಾಲುಗಳ ನಡುವೆ ನಡೆದು ಬಂದರು. ಹಾಲ್ ಅಷ್ಟು ಉದ್ದವಿದೆಯೆಂದು ನನಗೆ ಅಂದೇ ಗೊತ್ತಾದದ್ದು. ಹಿಂದಿನ ಬೆಂಚಿಗೆ ಬಂದು ಹೆಂಡತಿಯ ಪಕ್ಕದಲ್ಲಿ, ಹಿರಿಯರು ಕೂರದ ಜಾಗದಲ್ಲಿ, ಕೂತರು. ನಮ್ಮ ಕೂಟದಲ್ಲಿ ಪ್ರಾರ್ಥನೆಗೂ ಹಾಡಿಗೂ ನಡುವೆ ದೀರ್ಘ ಮೌನವಿರುತ್ತದೆ. ಆ ಮೌನದಲ್ಲಿ ಅವರು ಪಿಸುಗುಟ್ಟಿದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಿತು.

"ನಂಗೆ ಗೊತ್ತಿಲ್ಲ ಕಣೆ."

"ಏನು ಗೊತ್ತಿಲ್ಲ?"

"ವಾಟಿ ಎಲ್ಲಿದಾನೆ ಅನ್ನೋದು. ಆವತ್ತು ಓದುವಾಗ್ಲೂ ಗೊತ್ತಿರ್ಲಿಲ್ಲ. ಈಗ್ಲೂ ಗೊತ್ತಿಲ್ಲ."

ಎಪ್ಪಿ ಆಂಟಿಯ ಮುಖ ಬಿಳಿಚಿಕೊಂಡಿತು. ಅಳುತ್ತಾಳೆಂದುಕೊಂಡೆ. ಅವಳಿಗೆ ಬಂದದ್ದು ಸಿಟ್ಟು.

"ಗೊತ್ತಿಲ್ಲ ಅನ್ನೋ ಒಂದು ಮಾತು ಹೇಳೋಕೆ ಹನ್ನೆರಡು ವರ್ಷ ಬೇಕಾಯ್ತಾ ನಿಂಗೆ? ಗೊತ್ತಿದ್ದೂ ನನ್ನ ಮೇಲೆ ಕನಿಕರ ಪಟ್ಟು ಸುಮ್ನಿದೀಯ ಅಂತ ನಾನು ದಿನಾ ಸಾಯ್ತಿದ್ದೆ, ಗಿಬ್."

"ಗೊತ್ತಿಲ್ಲ ಅಂದ್ಬಿಟ್ರೆ, ಯಾವ ಗೊತ್ತಿನ ಮೇಲೆ ಅವನನ್ನ ಹೊರಗೆ ಹಾಕಿದೆ ಅಂತ ನೀನು ಕೇಳ್ತೀಯಲ್ಲ. ಅದಕ್ಕೆ."

ಐಲ್ಸಾ ನನ್ನ ತೋಳಿನಲ್ಲಿ ಗೊರಗೊರ ಉಸಿರಾಡುತ್ತಿದ್ದಳು. ಆ ಸದ್ದು ಊರಿಗೆಲ್ಲ ಕೇಳಿಸುತ್ತಿದೆಯೇನೋ ಎನಿಸುತ್ತಿತ್ತು. ಗಿಬ್ ಅಂಕಲ್ ತಮ್ಮ ದೊಡ್ಡ ಕೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದರು.

"ನಾರುಬಟ್ಟೆ ಮಾತು ನಾನು ನಿನ್ನ ಬಾಯಿ ಮುಚ್ಚಿಸೋಕೆ ಹೇಳ್ದೆ," ಎಂದರು ಆಮೇಲೆ. "ಹೇಳಿ ಕೊಟ್ಟಿಗೇಲಿ ಕೂತಾಗ ಹೊಳೀತು. ಪ್ರಾಯಶ್ಚಿತ್ತದ ದಿನ ಎದೆ ಮೇಲೆ ವಾಟಿ ಹೆಸ್ರಿರ್ಲಿಲ್ಲ ಅಂದ್ರೆ, ನಂದೂ ಇರ್ಲಿಲ್ಲ. ಸ್ಲೇಟರ್‌ದೂ ಇರ್ಲಿಲ್ಲ. ಯಾರದೂ ಇರ್ಲಿಲ್ಲ. ಬಲಿಯ ರಕ್ತ ಒಂದೇ ಒಳಗೆ ಹೋಗಿದ್ದು."

"ಅದ್ರಿಂದ ಏನಾಯ್ತು?"

"ಗೊತ್ತಿಲ್ಲ, ಎಪ್ಪಿ. ಇಷ್ಟೇ ಗೊತ್ತು. ಅವನು ಎಲ್ಲಿದ್ನೋ ಅಲ್ಲೇ ನಾನೂ."

ರೊಟ್ಟಿ ಸಾಲಿನಿಂದ ಸಾಲಿಗೆ ಬಂತು. ತಟ್ಟೆ ಹಿಡಿದವನು ನಮ್ಮ ಬೆಂಚಿನ ಹತ್ತಿರ ತಡವರಿಸಿದ. ಎಪ್ಪಿ ಆಂಟಿಗೆ ಕೊಡುವಂತಿಲ್ಲ, ಗಿಬ್ ಅಂಕಲ್‌ಗೆ ಕೊಡದಿರುವಂತಿಲ್ಲ. ಗಿಬ್ ಅಂಕಲ್ ಕೈ ಅಡ್ಡ ಹಿಡಿದು ಬೇಡವೆಂದರು. ಅವನು ನನ್ನನ್ನು ನೋಡಿದ. ನಾನು ಮಗುವಿನ ತಲೆಯ ಮೇಲೆ ಕೆನ್ನೆ ಒತ್ತಿಕೊಂಡೆ, ತೆಗೆದುಕೊಂಡೆನೋ ಬಿಟ್ಟೆನೋ ಎಂಬುದು ನನ್ನ ಮಟ್ಟಿಗೆ ಇರಲಿ. ತಟ್ಟೆ ಮುಂದಕ್ಕೆ ಹೋಯಿತು.

ಆಮೇಲೆ ಮುಂದೆ ಯಾರೋ ಒಬ್ಬರು ಹಾಡಿನ ಸಂಖ್ಯೆ ಹೇಳಿದರು. ಗಿಬ್ ಅಂಕಲ್ ಪುಸ್ತಕ ತೆರೆದು ದೂರ ಹಿಡಿದರು, ಹತ್ತಿರ ಹಿಡಿದರು. ಕನ್ನಡಕ ಮುಂದಿನ ಸಾಲಿನಲ್ಲೇ ಉಳಿದಿತ್ತು. ಹೆಂಡತಿಗೂ ಅಕ್ಷರ ಕಾಣದು, ಆದರೆ ಅವಳಿಗೆ ಪುಸ್ತಕ ಬೇಕಿರಲಿಲ್ಲ, ಎಲ್ಲ ಬಾಯಿಗೆ ಬರುತ್ತಿತ್ತು. ಜನ ಹಾಡಲು ತೊಡಗಿದರು. ಅವಳು ತುಟಿ ಬಿಗಿದುಕೊಂಡು ಒಂದು ಚರಣ ಹಾಗೇ ಕಳೆದಳು. ಮಗ ಎಲ್ಲಿದ್ದಾನೆಂಬುದು ಆ ಗಳಿಗೆಗೂ ಅವಳಿಗೆ ತಿಳಿದಿರಲಿಲ್ಲ, ಇನ್ನು ತಿಳಿಯುವುದೂ ಇಲ್ಲವೆಂಬುದು ತಿಳಿದಿತ್ತು. ಎರಡನೆಯ ಚರಣಕ್ಕೆ ಗಿಬ್ ಅಂಕಲ್ ತಪ್ಪು ಸಾಲು ಹಿಡಿದು ತೊದಲಿದರು. ಅವಳು ಅವರ ಕಡೆ ತಿರುಗದೆಯೇ, ಸಿಟ್ಟು ಇಳಿಯದ ಮುಖದಲ್ಲೇ, ಸರಿಯಾದ ಸಾಲನ್ನು ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಎತ್ತಿಕೊಂಡಳು.